ಬೋರ್ಡಿನ ಮೇಲಿಲ್ಲದ ಆಲೂಗಡ್ಡೆ

ಮೂರು ದಿನದ ಹಿಂದೆ ಚಾಂದ್‌ಖೇಡಾದ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಸೂರತ್ತಿನಿಂದ, ನಮ್ಮ ರೆಸ್ಟೋರೆಂಟಿನಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕನ ಮಗನ ಫೋನ್ ಬಂತು. "ಆಂಟಿ, ಅವ್ವ ಇಲ್ಲ. ಬೆಳಿಗ್ಗೆ ನೀಂದ್‌ನಲ್ಲೇ ಹೋದ್ಲು," ಅಂದ. ಸೂರತ್ತಿನಲ್ಲೇ ಹುಟ್ಟಿ ಬೆಳೆದವನು, ನಿದ್ದೆಗೂ ನೀಂದ್ ಅನ್ನುವಷ್ಟೇ ಅವನ ಕನ್ನಡ. ನಾನು, "ನಿನ್ನೆ ಏನು ಊಟ ಮಾಡಿದ್ರಪ್ಪಾ?" ಎಂದು ಕೇಳಿಬಿಟ್ಟೆ. ಸಾವಿನ ಸುದ್ದಿ ಹೇಳಿದವನಿಗೆ ಕೇಳುವ ಪ್ರಶ್ನೆಯೇ ಅದು? ಅವನು ಬೇಸರಿಸಲಿಲ್ಲ. "ನನ್ನ ಹೆಂಡತಿ ಖಿಚಡಿ ಮಾಡಿದ್ಲು, ಅದೇ. ಅವ್ವ ಅಡುಗೆ ಬಿಟ್ಟು ದೋ ಸಾಲ್ ಆಯ್ತಲ್ಲ ಆಂಟಿ."

ಗೊತ್ತು. ಬಿಡಿಸಿದವರಲ್ಲಿ ನಾನೂ ಒಬ್ಬಳು. ಅದನ್ನು ಹೇಳದೆ, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕೈತೊಳೆದುಕೊಂಡರೆ ಅದೂ ಒಂದು ಸುಳ್ಳೇ ಆಗುತ್ತದೆ. ಅವರಿಗೆ ನಾನು ಹೇಳಿದ ಸುಳ್ಳುಗಳು ಈಗಾಗಲೇ ಸಾಕಷ್ಟಿವೆ.

ಹೆಸರು ಬರೆಯುವುದಿಲ್ಲ. ಹೆಸರಿನಿಂದ ಅವರನ್ನು ಅಲ್ಲಿ ಯಾರೂ ಕರೆಯುತ್ತಲೂ ಇರಲಿಲ್ಲ. ಅಹಮದಾಬಾದಿನ ಬೋಡಕ್‌ದೇವ್‌ನ ಒಂದು ಒಳರಸ್ತೆಯಲ್ಲಿರುವ ನಮ್ಮ ರೆಸ್ಟೋರೆಂಟಿನಲ್ಲಿ ಅವರು ಎಲ್ಲರಿಗೂ ‘ಮಾಸಿ’, ಅಂದರೆ ಚಿಕ್ಕಮ್ಮ. ನನಗೆ ಮಾತ್ರ ಅಕ್ಕ. ಬಾಗಲಕೋಟೆ ಕಡೆಯವರು. ಗಂಡನಿಗೆ ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕೆಲಸ. ಗಂಡ ತೀರಿಕೊಂಡ ಮೇಲೆ ಸೂರತ್ತಿನ ಮದುವೆಮನೆಗಳಲ್ಲಿ ಅಡುಗೆಗೆ ನಿಂತು, ಅಲ್ಲಿನ ಹೆಂಗಸರಿಗಿಂತ ಚೆನ್ನಾಗಿ ಊಂಧಿಯು ಎಂಬ ತರಕಾರಿ ಪಲ್ಯ ಮಾಡುವುದನ್ನು ಕಲಿತರು. ಹಾಗೊಂದು ಮದುವೆಯಲ್ಲಿ ಊಂಧಿಯು ತಿಂದ ನಮ್ಮ ರೆಸ್ಟೋರೆಂಟ್ ನಡೆಸುವ ಟ್ರಸ್ಟಿನ ಹಿರಿಯರೊಬ್ಬರು ಅವರನ್ನು ಹುಡುಕಿಕೊಂಡು ಒಳಗೆ ಹೋಗಿ, ಅಹಮದಾಬಾದಿಗೆ ಬರುತ್ತೀರಾ ಎಂದು ಕೇಳಿದರಂತೆ.

ನಮ್ಮದು ರೆಸ್ಟೋರೆಂಟೇ, ಆದರೆ ಒಂದಿಷ್ಟು ಜನ ನಿವೃತ್ತರು ಸೇರಿ ನಡೆಸುವಂಥದ್ದು. ಮೆನು ಕಾರ್ಡಿಲ್ಲ, ಬಾಗಿಲ ಹತ್ತಿರ ಒಂದು ಕಪ್ಪು ಬೋರ್ಡು. ಸುತ್ತಲ ಹಳ್ಳಿಗಳಿಂದ ಅವತ್ತು ಏನು ಬಂದಿದೆಯೋ ಅದೇ ಅಡುಗೆ. ಗುರುತಿಲ್ಲದವರು ಒಂದೇ ಮೇಜಿನಲ್ಲಿ ಕೂತು ಉಣ್ಣಬೇಕು, ಕೈಯಲ್ಲಿ ಕಾಸಿಲ್ಲದವನೂ ಅಲ್ಲೇ ಕೂರಬಹುದು. ಬಾಗಿಲು ತೆರೆಯುವುದು ಹನ್ನೆರಡಕ್ಕೆ. ಅದಕ್ಕೆ ಒಂದು ಗಂಟೆ ಮೊದಲು ಕೆಲಸದವರೆಲ್ಲ ಅದೇ ಮೇಜಿನಲ್ಲಿ ಕೂತು ಅದೇ ಊಟ ಮಾಡಬೇಕು. ಬಡಿಸುವವರ ಹೊಟ್ಟೆ ಹಸಿದಿರಬಾರದು ಎನ್ನುವುದು ಹಿರಿಯರು ಮೊದಲ ದಿನವೇ ಮಾಡಿದ ನಿಯಮ. ನನ್ನ ಯಜಮಾನರಿಗೆ ತೈಲ ಕಂಪನಿಯಲ್ಲಿ ನೌಕರಿ. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಕ್ವಾರ್ಟರ್ಸಿನಲ್ಲಿ ಗೋಡೆ ನೋಡಿಕೊಂಡು ಕೂರಲಾರದೆ ನಾನು ಅಲ್ಲಿ ಸೇರಿಕೊಂಡೆ. ಬೋರ್ಡು ಬರೆಯುವುದು, ಬಂದವರನ್ನು ಕೂರಿಸುವುದು ನನ್ನ ಕೆಲಸ.

ನಾನು ಹಾಸನದ ಕಡೆಯವಳು. ಬಾಯಿ ಸ್ವಲ್ಪ ಜೋರು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತೀಯ ಎಂದು ನಮ್ಮತ್ತೆ ಬೈಯುತ್ತಿದ್ದರು, ನಾನದನ್ನು ಹೊಗಳಿಕೆ ಎಂದುಕೊಳ್ಳುತ್ತಿದ್ದೆ. ಮೊದಲ ದಿನ ಹನ್ನೊಂದರ ಪಂಕ್ತಿಯಲ್ಲಿ ಅವರು ಬಡಿಸಿದ ಬೆಲ್ಲದ ದಾಲ್ ಒಂದು ಗುಟುಕು ಕುಡಿದು, "ಅಕ್ಕ, ಪಾಯಸ ಕೊನೆಗೆ ಹಾಕ್ಬೇಕಲ್ವಾ?" ಅಂದೆ. ಪಕ್ಕದಲ್ಲಿದ್ದವರಿಗೆ ಕನ್ನಡ ಬಾರದಿದ್ದರೂ ನನ್ನ ಮುಖ ನೋಡಿ ಗಾಬರಿಯಾದರು. ಅವರು ಸೌಟು ಕೈಯಲ್ಲಿ ಹಿಡಿದುಕೊಂಡೇ ನಗಾಡಿದರು.

"ನಾನೂ ಮೊದಲ ಹಂಗ ಅಂದಿದ್ದೆ, ತಂಗಿ. ಈ ಮಂದಿ ಬೆಲ್ಲ ಬಿಟ್ರ ಬ್ಯಾಳಿ ತಿನ್ನಂಗಿಲ್ಲ. ಇರಲಿ, ಅಂತೂ ಒಂದು ಖರೇ ಹೇಳೋ ಬಾಯಿ ಬಂತು ನಮ್ಮ ಅಡಗಿಮನಿಗೆ."

ಅವತ್ತಿನಿಂದ ನನಗೆ ಅವರ ಮನಸ್ಸಿನಲ್ಲಿ ಒಂದು ಜಾಗ ಸಿಕ್ಕಿತು. ಅದು ಎಂಥ ಜಾಗ ಎಂದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು.

ಅವರು ಅಡುಗೆಯ ರುಚಿ ನೋಡುತ್ತಿರಲಿಲ್ಲ. ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕುವುದು ಕೂಡ ಇಲ್ಲ. ಅವರ ತಾಯಿ ಊರಿನ ಮಠದಲ್ಲಿ ದಾಸೋಹದ ಅಡುಗೆ ಮಾಡುತ್ತಿದ್ದವರು. ಪಂಕ್ತಿ ಎದ್ದ ಮೇಲೆಯೇ ಅಡುಗೆಯವರ ಬಾಯಿಗೆ ಅನ್ನ ಹೋಗಬೇಕು ಎನ್ನುವುದು ಅಲ್ಲಿಯ ಪದ್ಧತಿ, ಏಳು ವರ್ಷದವಳಾಗಿದ್ದಾಗ ಕಲಿತಿದ್ದು. ಅರವತ್ತಾದ ಮೇಲೆ, ಗುಜರಾತಿನ ರೆಸ್ಟೋರೆಂಟಿನಲ್ಲಿ, ಎಸಿ ಕಾರಿನಿಂದಿಳಿದು ಬರುವವರಿಗೂ ಅವರು ಅದನ್ನೇ ಪಾಲಿಸುತ್ತಿದ್ದರು.

"ಹಾಗಾದ್ರೆ ಉಪ್ಪು ಬಿದ್ದಿದ್ಯೋ ಇಲ್ವೋ ಹೇಗೆ ಗೊತ್ತಾಗುತ್ತೆ?" ಎಂದು ಒಮ್ಮೆ ಕೇಳಿದೆ.

"ಉಗಿ ಹೇಳತೈತಿ. ಉಪ್ಪ ಬಿದ್ದ ಬ್ಯಾಳಿ ಉಗೀನ ಬ್ಯಾರೆ, ಬೀಳದ್ದು ಬ್ಯಾರೆ. ಮೂಗ ಇದ್ದಾಕಿಗೆ ನಾಲಿಗಿ ಯಾಕ ಬೇಕು?"

ನಾನು ನಂಬಲಿಲ್ಲ. ಪರೀಕ್ಷೆ ಮಾಡಿದೆ. ಉಪ್ಪು ಹಾಕಿದ್ದೊಂದು, ಹಾಕದ್ದೊಂದು, ಎರಡು ಪಾತ್ರೆ ಬೇಳೆ ಕುದಿಸಿ ಮುಚ್ಚಳ ತೆಗೆದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ ಬಗ್ಗಿ ಉಗಿ ಮೂಸಿ, ಇದು ಎಂದು ಬೆರಳು ತೋರಿಸಿದರು. ಮೂರು ಸಲವೂ ಸರಿ. ಮೂರನೆಯ ಸಲ, "ಆಟ ಸಾಕ, ಬೋರ್ಡ್ ಬರಿ ಹೋಗು," ಎಂದು ನನ್ನನ್ನು ಓಡಿಸಿದರು.

ಮೂಗಿನ ಜೊತೆಗೆ ಅವರಿಗೆ ಇನ್ನೊಂದು ಅಳತೆ ಇತ್ತು. ಅದು ನಮ್ಮ ಮುಖಗಳು. ಹನ್ನೊಂದಕ್ಕೆ ನಮಗೆಲ್ಲ ಬಡಿಸಿ ಮೇಜಿನ ತುದಿಯಲ್ಲಿ ನಿಂತುಬಿಡುತ್ತಿದ್ದರು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಮೊದಲ ತುತ್ತು ಬಾಯಿಗೆ ಹೋದಾಗ ಹುಬ್ಬು ಹೇಗೆ ಆಡಿತು, ನೀರಿನ ಲೋಟದ ಕಡೆ ಕೈ ಎಷ್ಟು ಬೇಗ ಹೋಯಿತು, ಇದನ್ನೆಲ್ಲ ನೋಡಿಕೊಂಡು ಒಳಗೆ ಹೋಗಿ, ಬಾಗಿಲು ತೆರೆಯುವುದರೊಳಗೆ ಹುಳಿಯೋ ಖಾರವೋ ಸರಿಮಾಡುತ್ತಿದ್ದರು. ಬಡಿಸುವ ದಿನೇಶ್‌ಭಾಯಿ ಒಂದು ದಿನ ಮುಖ ಗಂಟಿಕ್ಕಿಕೊಂಡು ಉಣ್ಣುತ್ತಿದ್ದ. ನಾನು, "ಅಕ್ಕ, ಇವನಿಗೇನೋ ಹಿಡಿಸಿಲ್ಲ," ಅಂದೆ. ಅವರು ಒಮ್ಮೆ ನೋಡಿ, "ಅದು ಉಪ್ಪಿನ ಮುಖ ಅಲ್ಲ, ಮನ್ಯಾಗಿನ ಜಗಳದ ಮುಖ," ಅಂದರು. ಆಮೇಲೆ ವಿಚಾರಿಸಿದರೆ ನಿಜ. ಹೆಂಡತಿ ತವರಿಗೆ ಹೋಗಿ ಎರಡು ದಿನವಾಗಿತ್ತು.

ಅವರ ಕೈ ನೋಡಬೇಕಿತ್ತು. ಅಂಗೈ ಅಗಲ, ಬೆರಳು ಮೊಂಡು. ಊರಿನಿಂದ ತಂದ ಕಬ್ಬಿಣದ ಹಂಚೊಂದಿತ್ತು, ಅದನ್ನು ಬೇರೆ ಯಾರೂ ತೊಳೆಯುವ ಹಾಗಿಲ್ಲ. ಸಜ್ಜೆಯ ರೋಟಲೊ ಇಲ್ಲಿಯವರು ಎರಡು ಅಂಗೈ ನಡುವೆ ದಪ್ಪಗೆ ತಟ್ಟುತ್ತಾರೆ. ಇವರು ಹಲಗೆಯ ಮೇಲೆ ಜೋಳದ ರೊಟ್ಟಿಯ ಹಾಗೆ ತೆಳ್ಳಗೆ ತಟ್ಟುತ್ತಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಹಂಸಾಬೆನ್‌ಗೆ ಮೊದಮೊದಲು ಇದು ಸರಿಬರಲಿಲ್ಲ. ಇದು ರೋಟಲೊ ಅಲ್ಲ, ಹಪ್ಪಳ ಎಂದು ಜಗಳ ತೆಗೆದಳು. ಕೊನೆಗೆ ಇಬ್ಬರೂ ರಾಜಿಯಾಗಿ, ಸೋಮವಾರ ಬುಧವಾರ ದಪ್ಪ, ಉಳಿದ ದಿನ ತೆಳು ಎಂದು ತೀರ್ಮಾನವಾಯಿತು. ಆ ತೆಳು ರೊಟ್ಟಿಗೆ, ಸುಟ್ಟ ಬದನೆಕಾಯಿಯ ಓಳೊ ಎಂಬ ಗೊಜ್ಜಿಗೆ ಎಂದೇ ಬೋಡಕ್‌ದೇವ್‌ನ ಆಫೀಸುಗಳಿಂದ ಕನ್ನಡದ ಹುಡುಗರು ಬರುವುದಕ್ಕೆ ಶುರುಮಾಡಿದರು. ಅವರನ್ನು ಕಂಡರೆ ಅಕ್ಕ ಅಡುಗೆಮನೆಯ ಕಿಟಕಿಯಿಂದಲೇ, "ಇನ್ನೊಂದು ಹಾಕಿಸಿಗೋರಿ, ಬಿಸೇದು ಐತಿ," ಎಂದು ಕೂಗುತ್ತಿದ್ದರು. ಎಲ್ಲರೂ ಉಂಡು, ಮೇಜು ಒರೆಸಿ, ಮೂರೂವರೆಗೆ ತಮ್ಮ ತಟ್ಟೆ ಹಾಕಿಕೊಳ್ಳುತ್ತಿದ್ದರು.

ಅವರ ಕೋಣೆ ಚಾಂದ್‌ಖೇಡಾದಲ್ಲಿ, ನಮ್ಮ ಕ್ವಾರ್ಟರ್ಸಿನಿಂದ ಎರಡು ಗಲ್ಲಿ ಆಚೆ. ದಿನವೂ ಒಂದೇ ಬಸ್ಸು. ನಾಲ್ಕು ವರ್ಷ ಆ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಕಿಟಕಿಯಿಂದ ಬರುವ ವಾಸನೆಗಳನ್ನೆಲ್ಲ ಹೇಳುತ್ತಿದ್ದರು. ಇಲ್ಲಿ ಎಣ್ಣೆ ಹಳೇದು, ಇಲ್ಲಿ ಮೆಂತ್ಯ ಹೊತ್ತಿತು, ಇವನು ಕರಿಯುವ ಗಾಂಠಿಯಾಗೆ ಸೋಡಾ ಜಾಸ್ತಿ. ನನಗೆ ಡೀಸೆಲ್ ಬಿಟ್ಟರೆ ಇನ್ನೇನೂ ಮೂಗಿಗೆ ಬರುತ್ತಿರಲಿಲ್ಲ.

ಐದನೆಯ ವರ್ಷ, ಗಾಳಿಪಟದ ಹಬ್ಬ ಮುಗಿದ ವಾರ, ಅವರಿಗೆ ಜ್ವರ ಬಂತು. ಇಪ್ಪತ್ತು ದಿನ ಮಲಗಿದರು. ನಾನು ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಎದ್ದು ಕೆಲಸಕ್ಕೆ ಬಂದ ದಿನ ಬಸ್ಸಿನಲ್ಲಿ ಅವರು ಏನೂ ಮಾತಾಡಲಿಲ್ಲ, ಸುಸ್ತಿರಬೇಕು ಅಂದುಕೊಂಡೆ. ಅವತ್ತು ಹನ್ನೊಂದಕ್ಕೆ ಎಲ್ಲರೂ ಖುಷಿಯಿಂದ ಕೂತೆವು. ಅವರು ಬಡಿಸಿ, ಮೇಜಿನ ತುದಿಯಲ್ಲಿ ನಿಂತರು. ದಾಲ್ ಬಾಯಿಗೆ ಹಾಕಿಕೊಂಡೆ. ಉಪ್ಪು. ಎರಡು ಸಲ ಬಿದ್ದ ಉಪ್ಪು.

ನಾನು ತಲೆ ಎತ್ತಿದೆ. ಅವರು ನೋಡುತ್ತಿದ್ದರು. ಕಣ್ಣು ಗುಳಿಬಿದ್ದಿತ್ತು, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಇವತ್ತು ಬೇಡ, ನಾಳೆ ಹೇಳೋಣ ಅನ್ನಿಸಿತು. ಹಂಸಾಬೆನ್ ನನಗಿಂತ ಮೊದಲೇ, "ಬರಾಬರ್ ಛೆ, ಮಾಸಿ," ಅಂದಳು. ಸರಿಯಾಗಿದೆ ಎಂದು. ದಿನೇಶ್‌ಭಾಯಿ ಇನ್ನೊಂದು ಸೌಟು ಹಾಕಿಸಿಕೊಂಡ. ನಾನು ಮಜ್ಜಿಗೆಯ ಲೋಟ ಮುಟ್ಟದೆ ಊಟ ಮುಗಿಸಿದೆ. ಅವರು ನಿಧಾನವಾಗಿ ಉಸಿರು ಬಿಟ್ಟು ಒಳಗೆ ಹೋದರು.

ಆ ವಾರವೇ, ಅವರು ಪಕ್ಕದಲ್ಲೇ ನಿಂತಿರುವಾಗ ಒಲೆಯ ಮೇಲಿನ ಹಾಲು ತಳ ಹತ್ತಿತು. ಬಾಗಿಲಲ್ಲಿದ್ದ ನನಗೆ ವಾಸನೆ ಬಂತು, ಅವರಿಗೆ ಬರಲಿಲ್ಲ. ಹಂಸಾಬೆನ್ ಓಡಿಹೋಗಿ ಗ್ಯಾಸ್ ಆರಿಸಿದಳು. ಅಕ್ಕ ಪಾತ್ರೆಯನ್ನೇ ನೋಡುತ್ತಾ, "ಲಕ್ಷ್ಯ ಎಲ್ಲೋ ಇತ್ತು," ಅಂದರು. ನಾನು, ಹಂಸಾಬೆನ್, ದಿನೇಶ್‌ಭಾಯಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜ್ವರ ಅವರ ಮೂಗನ್ನು ಕೊಂಡುಹೋಗಿತ್ತು.

ಹೇಳಿದರೆ ಏನಾಗುತ್ತಿತ್ತು? ಈಗ ಯೋಚಿಸಿದರೆ ಏನೂ ಆಗುತ್ತಿರಲಿಲ್ಲ. ಆದರೆ ನಾವು ಒಳ್ಳೆಯವರಾಗಬೇಕಿತ್ತಲ್ಲ. ಇಲ್ಲಿ ಯಾರನ್ನೂ ಕೈಬಿಡುವುದಿಲ್ಲ ಎಂದು ಟ್ರಸ್ಟಿನವರು ಬಂದಾಗಲೆಲ್ಲ ಹೇಳುತ್ತಿದ್ದರು, ನಾವೂ ಅದನ್ನು ಎದೆಗೆ ಹಚ್ಚಿಕೊಂಡಿದ್ದೆವು. ಒಂದು ಏರ್ಪಾಡು ತಾನಾಗಿ ಹುಟ್ಟಿಕೊಂಡಿತು. ಹನ್ನೊಂದರ ಪಂಕ್ತಿಯಲ್ಲಿ ಎಲ್ಲರೂ ಬರಾಬರ್ ಛೆ ಅನ್ನುವುದು. ಊಟ ಮುಗಿದ ಕೂಡಲೇ ದಿನೇಶ್‌ಭಾಯಿ, ತರಕಾರಿಯವನು ಕರೆಯುತ್ತಿದ್ದಾನೆ ಎಂದೋ ಮತ್ತೊಂದೋ ನೆಪ ಹೇಳಿ ಮಾಸಿಯನ್ನು ಹಿತ್ತಿಲಿಗೆ ಕರೆದೊಯ್ಯುವುದು. ಹಂಸಾಬೆನ್ ಕಟ್ಟೆಯ ಕೆಳಗೆ ನೀರಿನಲ್ಲಿ ಮುಳುಗಿಸಿಟ್ಟ ಸಿಪ್ಪೆ ತೆಗೆದ ಆಲೂಗಡ್ಡೆಗಳನ್ನು ದಾಲ್‌ಗೆ ಹಾಕುವುದು, ಉಪ್ಪು ಎಳೆದುಕೊಳ್ಳಲಿ ಎಂದು. ಸಾಲದಿದ್ದರೆ ಬಿಸಿನೀರು, ಒಂದು ತುಂಡು ಬೆಲ್ಲ. ಕೆಲವು ದಿನ ಉಪ್ಪೇ ಇರುತ್ತಿರಲಿಲ್ಲ, ಆಗ ಉಪ್ಪು. ಸಾಕೋ ಬೇಕೋ ಎಂದು ಚಮಚದಲ್ಲಿ ರುಚಿ ನೋಡಿ ಹೇಳುವವಳು ನಾನು. ಖರೇ ಹೇಳುವ ಬಾಯಿ. ಹನ್ನೆರಡರೊಳಗೆ ಆಲೂಗಡ್ಡೆಗಳನ್ನು ಎತ್ತಿ ಮುಚ್ಚಿಡುತ್ತಿದ್ದೆವು. ಬಂದವರಾರಿಗೂ ಏನೂ ಗೊತ್ತಾಗಲಿಲ್ಲ. ಮಾಸಿಯ ಕೈರುಚಿ ಹಾಗೇ ಇದೆ ಎಂದು ಹೊಗಳಿದರು. ಆ ಹೊಗಳಿಕೆಯನ್ನು ನಾನು ಅವರಿಗೆ ಮುಟ್ಟಿಸುತ್ತಿದ್ದೆ. ಸಂಜೆ ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಾ ಕೂರುತ್ತಿದ್ದರು, ಯಾವ ವಾಸನೆಯನ್ನೂ ಹೇಳುತ್ತಿರಲಿಲ್ಲ.

ಹೀಗೆ ನಾಲ್ಕೂವರೆ ತಿಂಗಳು. ಮಾವಿನ ಕಾಲ ಮುಗಿಯುತ್ತಾ ಬಂತು. ಆ ದಿನದ ಬೋರ್ಡು ನನಗೆ ಬಾಯಿಪಾಠವಿದೆ: ಮಾವಿನ ರಸ, ಪೂರಿ, ತೊಂಡೆಕಾಯಿ ಪಲ್ಯ, ದಾಲ್, ಅನ್ನ. ಪಂಕ್ತಿ ಮುಗಿದಿತ್ತು. ದಿನೇಶ್‌ಭಾಯಿ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿದ್ದ. ಹಿತ್ತಿಲಲ್ಲೇ ಹಸುವಿಗೆಂದು ತರಕಾರಿ ಸಿಪ್ಪೆ ಹಾಕಿಡುವ ಬುಟ್ಟಿ. ಅವತ್ತು ಹಂಸಾಬೆನ್ ಅದರ ಮೇಲೆ ಮಾವಿನ ಸಿಪ್ಪೆ ಮುಚ್ಚುವುದನ್ನು ಮರೆತಿದ್ದಳು.

ಅವರು ಎರಡು ಕೈ ತುಂಬ ಆಲೂಗಡ್ಡೆ ಸಿಪ್ಪೆ ಹಿಡಿದುಕೊಂಡು ಒಳಗೆ ಬಂದರು. ಹಂಸಾಬೆನ್‌ಳ ಕೈಯಲ್ಲಿ ಮೂರು ಆಲೂಗಡ್ಡೆ, ನನ್ನ ಕೈಯಲ್ಲಿ ಚಮಚ. ಅವರು ನನ್ನನ್ನು ಮಾತ್ರ ನೋಡಿದರು.

"ಇವತ್ತ ಬೋರ್ಡ್ ಮ್ಯಾಲ ಬಟಾಟಿ ಇಲ್ಲಲ್ಲ, ತಂಗಿ."

ನಾನು ಚಮಚ ಕೆಳಗಿಟ್ಟೆ.

"ಎಷ್ಟ ದಿವಸದಿಂದ?"

"ಇವತ್ತೇ ಅಕ್ಕ. ಮೊನ್ನೆ ಒಂದ್ಸಲ, ಅಷ್ಟೇ," ಅಂದೆ.

ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡರು. ಹನ್ನೆರಡಕ್ಕೆ ಬಾಗಿಲು ತೆರೆಯಿತು. ಅವತ್ತು ಬಂದ ಅಷ್ಟೂ ಜನರಿಗೆ ಪೂರಿ ಕರಿದು ಕೊಟ್ಟರು, ಒಂದೂ ಕೆಂಪಾಗಲಿಲ್ಲ. ಮೂರೂವರೆಗೆ ತಟ್ಟೆ ಹಾಕಿಕೊಳ್ಳಲಿಲ್ಲ. ಹಂಚು ತೊಳೆದು, ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡರು. ಹಂಸಾಬೆನ್ ಅಳುತ್ತಾ ಕಾಲು ಹಿಡಿಯಲು ಹೋದಳು. "ನಿಂದೇನ ತಪ್ಪಿಲ್ಲ ಬೇಟಾ," ಎಂದು ಅವಳ ತಲೆ ನೇವರಿಸಿದರು. ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಆ ವಾರದೊಳಗೆ ಕೋಣೆ ಖಾಲಿ ಮಾಡಿ ಮಗನ ಮನೆಗೆ ಹೋದರು.

ಎರಡು ತಿಂಗಳು ತಾಳಿದೆ. ಹಂಸಾಬೆನ್ ದಿನಕ್ಕೊಮ್ಮೆ, "ನೀನು ಹೋಗಿ ಕರೆದರೆ ಬರ್ತಾರೆ," ಎನ್ನುತ್ತಿದ್ದಳು. ಕೊನೆಗೆ ಫೋನ್ ಮಾಡಿ, "ಅಕ್ಕ, ಭಾನುವಾರ ಬರ್ತೀನಿ, ನಿಮ್ಮನ್ನ ಕರ್ಕೊಂಡೇ ವಾಪಸ್ ಬರೋದು," ಅಂದೆ. "ಬಾ," ಅಂದರು. ಅಷ್ಟೇ. ಬೆಳಗಿನ ರೈಲು ಹಿಡಿದೆ. ಏನೇನು ಹೇಳಬೇಕು ಎಂದು ವಡೋದರಾ ದಾಟುವವರೆಗೆ ಮನಸ್ಸಿನಲ್ಲೇ ಜೋಡಿಸಿಕೊಂಡೆ, ಆಮೇಲೆ ನಿದ್ದೆ ಬಂತು.

ಪಾಂಡೇಸರಾದ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲ ಹಿಂದೆ ನೀಲಿ ರೆಕ್ಸಿನ್ ಚೀಲ ನಿಂತಿತ್ತು. ಜಿಪ್ ಮುಚ್ಚದೆ ಬಿಟ್ಟ ಜಾಗದಲ್ಲಿ ಸೀರೆತುಂಡು ಸುತ್ತಿದ ಹಂಚಿನ ಅಂಚು ಕಾಣುತ್ತಿತ್ತು. ಅದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬರುತ್ತಾರೆ, ಕಟ್ಟಿಟ್ಟುಕೊಂಡೇ ಕೂತಿದ್ದಾರೆ. ಜೋಡಿಸಿಕೊಂಡ ಮಾತೆಲ್ಲ ಮರೆತೇ ಹೋಯಿತು.

"ಮೊದಲ ಉಣ್ಣು," ಅಂದರು. ಮಗ ಪಾಳಿಗೆ ಹೋಗಿದ್ದ, ಸೊಸೆ ನೀರು ಹಿಡಿಯಲು ಕೆಳಗೆ ಹೋಗಿದ್ದಳು. ನೆಲದ ಮೇಲೆ ತಟ್ಟೆ ಹಾಕಿ ಎರಡು ತೆಳು ರೊಟ್ಟಿ, ಒಂದು ಬಟ್ಟಲು ಬೇಳೆ ಇಟ್ಟರು. ಬೆಲ್ಲವಿಲ್ಲದ, ನಮ್ಮ ಕಡೆಯ ಹಾಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಬೇಳೆ. ಎದುರಿಗೆ ಗೋಡೆಗೆ ಒರಗಿ ಕೂತರು. ಮೊದಲ ತುತ್ತು ಬಾಯಿಗೆ ಇಟ್ಟೆ.

ಸಪ್ಪೆ. ಉಪ್ಪಿನ ಸುಳಿವೇ ಇಲ್ಲ.

ಅವರು ನನ್ನ ಮುಖ ನೋಡುತ್ತಿದ್ದರು. ನನ್ನ ಹುಬ್ಬು ಆಡಲಿಲ್ಲ, ಕೈ ನೀರಿನ ಕಡೆ ಹೋಗಲಿಲ್ಲ. ನಾಲ್ಕೂವರೆ ತಿಂಗಳಲ್ಲಿ ಮುಖ ಚೆನ್ನಾಗಿ ಪಳಗಿತ್ತು. ಪಾಪ, ಮರೆತಿದ್ದಾರೆ, ಈಗ ಹೇಳಿದರೆ ಧೈರ್ಯಗುಂದಿ ಹೊರಡದೆ ಉಳಿದುಬಿಡುತ್ತಾರೆ ಎಂದು ಲೆಕ್ಕ ಹಾಕಿದೆ.

"ಹೆಂಗೈತಿ?"

"ತುಂಬ ಚೆನ್ನಾಗಿದೆ ಅಕ್ಕ. ಎಷ್ಟು ದಿನ ಆಗಿತ್ತು ಇಂಥ ಬೇಳೆ ತಿಂದು."

"ಉಪ್ಪ?"

"ಸರಿಯಾಗಿದೆ."

ಕೆಳಗೆ ನಲ್ಲಿಯ ಹತ್ತಿರ ಹೆಂಗಸರ ಕೊಡಗಳ ಸದ್ದು.

"ನಾ ಉಪ್ಪ ಹಾಕಿಲ್ಲ, ತಂಗಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಬೇಕಂತ ಹಾಕಿಲ್ಲ."

ನನ್ನ ಕೈ ತಟ್ಟೆಯಲ್ಲೇ ನಿಂತಿತು.

"ನೀ ಫೋನ್ ಮಾಡಿದ ದಿವಸನ ಚೀಲ ಕಟ್ಟೀನಿ. ಮೂಗ ಹೋದ್ರ ಹೋತು, ನನ್ನ ಕೈ ಇನ್ನೂ ಐತಿ. ಉಪ್ಪಿಲ್ಲ ಅಕ್ಕ ಅಂತ ಹೇಳಾಕ ಒಂದು ಬಾಯಿ ಇದ್ದಿದ್ರ ಸಾಕಿತ್ತು, ಸಾಯೋತನಕ ಆ ಮಂದಿಗೆ ಅಡಗಿ ಮಾಡತಿದ್ದೆ. ಆ ಬಾಯಿ ನಿಂದು ಅಂತ ತಿಳಕೊಂಡಿದ್ದೆ."

"ಅಕ್ಕ, ನಾನು ನಿಮಗೆ ಬೇಜಾರಾಗಬಾರದು ಅಂತ..."

"ಗೊತ್ತೈತಿ. ಎಲ್ಲಾರೂ ಹಂಗ ಅಂದ್ರ, ನಾ ಯಾರ ಮಾರಿ ನೋಡಿ ಅಡಗಿ ಮಾಡ್ಲಿ?"

ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಆಮೇಲೆ ಬಾಗಿಲ ಹಿಂದಿನ ಚೀಲದಿಂದ ಹಂಚು ತೆಗೆದು, ಸುತ್ತಿದ ಬಟ್ಟೆ ಬಿಚ್ಚಿ, ಸೊಸೆಯ ಒಲೆಯ ಪಕ್ಕದ ಮೊಳೆಗೆ ನೇತುಹಾಕಿದರು.

"ಹಾಕ್ಕೊಂಡು ಉಣ್ಣು. ಅರ್ಧಕ್ಕ ಏಳಬ್ಯಾಡ," ಅಂದರು.

ಉಪ್ಪು ಹಾಕಿಕೊಂಡು ಉಂಡೆ. ಎರಡೂ ರೊಟ್ಟಿ ತಿಂದು, ಬಟ್ಟಲು ಖಾಲಿ ಮಾಡುವವರೆಗೆ ಅವರು ಎದುರಿಗೇ ಕೂತಿದ್ದರು. ಒಮ್ಮೆಯೂ ನನ್ನ ಮುಖದ ಕಡೆ ನೋಡಲಿಲ್ಲ.